ಪುಟ್ಟುಗೆ ಹೂಸ್ಟನ್ ಅತ್ತೆಯ ಉತ್ತರ: ಗೋಡೆ ಮೇಲಿನ ಹಲ್ಲುಕಡ್ಡಿ ಅಜ್ಜ

ಪುಟ್ಟು, ನಿನ್ನೆ ರಾತ್ರಿ ನೀನು ಗ್ರೂಪಿನಲ್ಲಿ ಹಾಕಿದ್ದನ್ನು ಎರಡು ಸಲ ಓದಿದೆ. ಮಂಡಿ ಆಪರೇಷನ್ ಆದ ಮೇಲೆ ಡಾಕ್ಟರು ಇನ್ನು ಫಾಸ್ಟ್ ಬೌಲಿಂಗ್ ಬೇಡವೇ ಬೇಡ ಅಂದಿದ್ದಾರೆ. ನೀನು ಕಲಿತ ಕ್ಯಾಂಪಿನವರೇ 14 ವರ್ಷದೊಳಗಿನ ಹುಡುಗರಿಗೆ ಕೋಚ್ ಆಗಿ ಬಾ ಅಂತ ಕರೆದಿದ್ದಾರೆ. ಮೊದಲ ದಿನವೇ ಒಬ್ಬ ಹುಡುಗನ ಅಮ್ಮ ಗೇಟಿನ ಹತ್ತಿರ ನಿಂತು "ನಮ್ಮ ಹುಡುಗನ್ನ ನೋಡ್ಕೋತೀರಾ ಸಾರ್?" ಅಂದರು, ಏನು ಹೇಳಬೇಕೋ ತೋಚದೆ ತಲೆ ಆಡಿಸಿ ಬಂದೆ ಅಂತ ಬರೆದಿದ್ದೀಯ. ಅದರ ಕೆಳಗೆ ಸಣ್ಣಣ್ಣ, "ಆಡೋಕೆ ಆಗದವರು ಮಾಡೋ ಕೆಲಸ ಕಣೋ ಅದು, ಬ್ಯಾಂಕ್ ಪರೀಕ್ಷೆ ಕಟ್ಟು" ಅಂತ ಹಾಕಿದ್ದಾನೆ. ಸಣ್ಣಣ್ಣ, ಬೇಜಾರು ಮಾಡಿಕೊಳ್ಳಬೇಡ. ಹುಡುಗನಿಗೆ ಒಂದು ನೆಲೆ ಸಿಗಲಿ ಅನ್ನುವ ನಿನ್ನ ಕಾಳಜಿ ನನಗೆ ಗೊತ್ತು. ಆದರೆ ಆ ಮಾತು ನನಗೆ ಒಪ್ಪಿಗೆ ಇಲ್ಲ. ಅದಕ್ಕೇ ಇಷ್ಟು ಉದ್ದ ಮಾತಾಡುತ್ತಿದ್ದೇನೆ. ಕಾಫಿ ಹಿಡಿದು ಕೂತು ಕೇಳಿ.

ಪುಟ್ಟು, ಹೋದ ಸಲ ವಿಡಿಯೋ ಕಾಲ್ ಮಾಡಿದಾಗ ನನ್ನ ಮಗನ ರೂಮಿನ ಗೋಡೆ ಮೇಲೆ ಒಬ್ಬ ಅಜ್ಜನ ಫೋಟೋ ನೋಡಿ ಯಾರಿದು ಅಂತ ಕೇಳಿದ್ದೆ ಅಲ್ವಾ? ಬಾಯಲ್ಲಿ ಹಲ್ಲುಕಡ್ಡಿ, ಕೈಗೆ ದಪ್ಪ ರಿಸ್ಟ್‌ಬ್ಯಾಂಡ್, ತಲೆಗೆ ಟೋಪಿ. ಅವರ ಹೆಸರು ಡಸ್ಟಿ ಬೇಕರ್. ಬೇಸ್‌ಬಾಲ್ ಆಟಗಾರರಾಗಿದ್ದವರು, ಆಮೇಲೆ ಕೋಚ್ ಆದರು, ಆಮೇಲೆ ಮ್ಯಾನೇಜರ್. ನಮ್ಮ ಹೂಸ್ಟನ್ ಆಸ್ಟ್ರೋಸ್ ತಂಡವನ್ನು ನಾಲ್ಕು ವರ್ಷ ನಡೆಸಿದರು.

ಮೊದಲು ಮ್ಯಾನೇಜರ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ನಮ್ಮ ಕ್ರಿಕೆಟ್ ತಂಡದ ಮ್ಯಾನೇಜರ್ ಹಾಗೆ ಟಿಕೆಟ್, ಹೋಟೆಲ್ ನೋಡಿಕೊಳ್ಳುವವರಲ್ಲ. ಕ್ರಿಕೆಟ್‌ನಲ್ಲಿ ಕ್ಯಾಪ್ಟನ್ ಮೈದಾನದಲ್ಲಿ ಮಾಡುವ ತೀರ್ಮಾನವನ್ನೆಲ್ಲ ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಮಾಡುತ್ತಾರೆ. ಯಾರು ಎಷ್ಟನೇ ಸರದಿಯಲ್ಲಿ ಬ್ಯಾಟ್ ಮಾಡಬೇಕು, ಚೆಂಡು ಎಸೆಯುವ ಪಿಚರ್‌ನನ್ನು ಯಾವಾಗ ಬದಲಾಯಿಸಬೇಕು, ಎಲ್ಲ ಅವರದೇ. ವಯಸ್ಸು 70 ದಾಟಿದ್ದರೂ ಆಟಗಾರರ ಜರ್ಸಿಯನ್ನೇ ಹಾಕಿಕೊಂಡು ಡಗೌಟ್‌ನಲ್ಲಿ ನಿಂತಿರುತ್ತಾರೆ. ಪಿಚರ್‌ನನ್ನು ತೆಗೆಯಬೇಕಾದರೆ ತಾವೇ ಮೈದಾನದ ನಡುವಿನವರೆಗೆ ನಡೆದುಹೋಗಿ ಅವನ ಕೈಯಿಂದ ಚೆಂಡು ತೆಗೆದುಕೊಳ್ಳುತ್ತಾರೆ. ಒಂದು ಸಲ ತೆಗೆದರೆ ಅವನು ಆ ಮ್ಯಾಚಿನಲ್ಲಿ ಮತ್ತೆ ಎಸೆಯುವ ಹಾಗಿಲ್ಲ. ಇಂಥ ಮ್ಯಾಚು ಒಂದು ಸೀಸನ್ನಿಗೆ 162. ನೋಡು, ಎಷ್ಟು ಸಲ ಎಷ್ಟು ಹುಡುಗರ ಮುಖ ನೋಡಿ "ಸಾಕಪ್ಪ, ಚೆಂಡು ಕೊಡು" ಅನ್ನಬೇಕು ಅಂತ.

ಡಸ್ಟಿ ಹುಟ್ಟಿದ್ದು 1949ರಲ್ಲಿ, ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ. ನಿಜವಾದ ಹೆಸರು ಜಾನಿ. ಹಿತ್ತಲಿನ ಮಣ್ಣಿನಲ್ಲೇ ಬಿದ್ದು ಆಡುತ್ತಿದ್ದ ಅಂತ ಅಮ್ಮ ಇಟ್ಟ ಹೆಸರು ಡಸ್ಟಿ, ಧೂಳುಮರಿ ಅಂದ ಹಾಗೆ. ಅಪ್ಪನೇ ಮಕ್ಕಳ ತಂಡದ ಕೋಚ್. ಹುಡುಗನಿಗೆ ಸಿಟ್ಟು ಜಾಸ್ತಿ ಅಂತ ಅದೇ ಅಪ್ಪ ಮಗನನ್ನು ತಂಡದಿಂದ ಹೊರಗೆ ಹಾಕಿದ್ದರು, ಅದೂ ಒಂದಕ್ಕಿಂತ ಜಾಸ್ತಿ ಸಲ. 1967ರಲ್ಲಿ ಅಟ್ಲಾಂಟಾ ಬ್ರೇವ್ಸ್ ತಂಡ ಅವರನ್ನು ಆರಿಸಿಕೊಂಡಿತು, 26ನೇ ಸುತ್ತಿನಲ್ಲಿ. ಅಂದರೆ ನೂರಾರು ಹುಡುಗರನ್ನು ಆರಿಸಿದ ಮೇಲೆ ಇವರ ಹೆಸರು ಬಂತು.

ಈಗ ನಾನು ಹೇಳಬೇಕಾಗಿರುವ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಟ್ಲಾಂಟಾ ಇರುವುದು ಅಮೆರಿಕದ ದಕ್ಷಿಣದಲ್ಲಿ. ಆಗಿನ ಕಾಲದಲ್ಲಿ ಒಬ್ಬ ಕಪ್ಪು ಹುಡುಗನನ್ನು ಒಬ್ಬನೇ ಅಷ್ಟು ದೂರ ಕಳಿಸುವುದು ಅಂದರೆ ಯಾವ ತಾಯಿಗೂ ಭಯವೇ. ಆ ತಂಡದಲ್ಲಿ ಹ್ಯಾಂಕ್ ಆರನ್ ಇದ್ದರು. ಬೇಸ್‌ಬಾಲ್‌ನ ಅತಿ ದೊಡ್ಡ ಹೆಸರುಗಳಲ್ಲಿ ಒಂದು. ನಿಮ್ಮ ಮಗನನ್ನು ನನ್ನ ಮಗನ ಹಾಗೆ ನೋಡಿಕೊಳ್ಳುತ್ತೇನೆ ಅಂತ ಅವರು ಡಸ್ಟಿಯ ಅಮ್ಮನಿಗೆ ಮಾತು ಕೊಟ್ಟರು. ಪುಟ್ಟು, ಗೇಟಿನ ಹತ್ತಿರ ಆ ತಾಯಿ ನಿನ್ನನ್ನು ಕೇಳಿದ್ದೂ ಇದನ್ನೇ ಅಲ್ವಾ? ಅದನ್ನು ಓದಿದ ತಕ್ಷಣ ನನಗೆ ಈ ಕತೆ ನೆನಪಾಯಿತು.

ಆರನ್ ಕೊಟ್ಟ ಮಾತು ಉಳಿಸಿಕೊಂಡರು. 1973–74ರಲ್ಲಿ ಅವರು ಹಳೆಯ ಕಾಲದ ದೊಡ್ಡ ಬಿಳಿಯ ಆಟಗಾರ ಬೇಬ್ ರೂತ್ ಅವರ 714 ಹೋಮ್ ರನ್‌ಗಳ ದಾಖಲೆಯ ಹತ್ತಿರ ಬಂದಿದ್ದರು. ಹೋಮ್ ರನ್ ಅಂದರೆ ನಮ್ಮ ಸಿಕ್ಸರ್ ಹಾಗೆ ಚೆಂಡನ್ನು ಬೇಲಿ ದಾಟಿಸುವ ಹೊಡೆತ. ಬಿಳಿಯರ ದಾಖಲೆಯನ್ನು ಕಪ್ಪು ಮನುಷ್ಯ ಮುರಿಯಬಾರದು ಅಂತ ದಿನಾ ಬೆದರಿಕೆ ಪತ್ರ, ಕೊಲ್ಲುತ್ತೇವೆ ಅಂತ. ಆಗ ಅವರು ಡಸ್ಟಿ ಮತ್ತು ಇನ್ನೊಬ್ಬ ಹುಡುಗ ರಾಲ್ಫ್ ಗಾರ್ ಇಬ್ಬರಿಗೂ ಡಗೌಟ್‌ನಲ್ಲಿ ತಮ್ಮ ಪಕ್ಕ ಕೂರಬೇಡಿ ಅಂದಿದ್ದರಂತೆ. ಯಾರಾದರೂ ಗುಂಡು ಹಾರಿಸಿದರೆ ಹುಡುಗರಿಗೆ ತಗಲಬಾರದಲ್ಲ. ಆದರೂ ಆ ಇಬ್ಬರು ಹುಡುಗರು ಅವರ ಹತ್ತಿರವೇ ಇದ್ದರು. 1974ರ ಏಪ್ರಿಲ್ 8ರ ರಾತ್ರಿ ಆರನ್ 715ನೇ ಹೋಮ್ ರನ್ ಹೊಡೆದಾಗ, ಮುಂದಿನ ಸರದಿಗೆ ಬ್ಯಾಟ್ ಹಿಡಿದು ಕಾಯುತ್ತಿದ್ದವನು ಡಸ್ಟಿ. ಆಗ 24 ವರ್ಷ. ಎಷ್ಟು ಹತ್ತಿರದಿಂದ ನೋಡಿದ ನೋಡು.

ಆಟಗಾರರಾಗಿಯೂ ಅವರು ಸಾಮಾನ್ಯರಲ್ಲ. ಇದು ಸಣ್ಣಣ್ಣನಿಗೆ. 19 ಸೀಸನ್ ಆಡಿದರು. 1,981 ಹಿಟ್, 242 ಹೋಮ್ ರನ್. ಹಿಟ್ ಅಂದರೆ ಚೆಂಡು ಹೊಡೆದು, ಓಡಿ ನಿಲ್ಲುವ ಗುರುತಾದ ಬೇಸ್ ತಲುಪುವುದು. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದಲ್ಲಿ 1981ರಲ್ಲಿ ವರ್ಲ್ಡ್ ಸೀರೀಸ್ ಗೆದ್ದರು, ಅದು ಸೀಸನ್ನಿನ ಕೊನೆಯ ಫೈನಲ್, ಮೊದಲು ನಾಲ್ಕು ಮ್ಯಾಚ್ ಗೆದ್ದವರಿಗೆ ಕಪ್. ಇನ್ನೊಂದು ಚಂದದ ವಿಷಯ ಇದೆ. ನೀವೆಲ್ಲ ವಿಕೆಟ್ ಬಿದ್ದಾಗ ಕೈ ಮೇಲೆತ್ತಿ ಹೈ-ಫೈವ್ ಹೊಡೆಯುತ್ತೀರಲ್ಲ, ಅದರ ಶುರು ಇವರಿಂದಲೇ ಅಂತ ಇಲ್ಲಿ ತುಂಬಾ ಜನ ಹೇಳುತ್ತಾರೆ. 1977ರ ಅಕ್ಟೋಬರ್ 2, ಸೀಸನ್ನಿನ ಕೊನೆಯ ದಿನ. ಡಸ್ಟಿ ಆ ವರ್ಷದ 30ನೇ ಹೋಮ್ ರನ್ ಹೊಡೆದು ಓಡಿ ಬಂದರು. ಎದುರಿಗೆ ಗ್ಲೆನ್ ಬರ್ಕ್ ಅನ್ನುವ ಹೊಸ ಹುಡುಗ ಕೈಯನ್ನು ತಲೆಗಿಂತ ಮೇಲೆ ಎತ್ತಿ ನಿಂತಿದ್ದ. ಏನು ಮಾಡಬೇಕೋ ಗೊತ್ತಾಗದೆ ಡಸ್ಟಿ ಆ ಕೈಗೆ ತಟ್ಟಿದರು. ಆಮೇಲೆ ಬರ್ಕ್ ಹೋಗಿ ತನ್ನ ಮೊದಲ ಹೋಮ್ ರನ್ ಹೊಡೆದ, ಡಸ್ಟಿ ಅವನಿಗೆ ಅದೇ ರೀತಿ ಕೈ ಎತ್ತಿದರು. ಪಾಪ, ಬರ್ಕ್‌ನ ಬದುಕು ಆಮೇಲೆ ತುಂಬಾ ಕಷ್ಟದ್ದಾಯಿತು, 1995ರಲ್ಲಿ ತೀರಿಕೊಂಡ. ಆ ಒಂದು ಗಳಿಗೆ ಮಾತ್ರ ಲೋಕಕ್ಕೆಲ್ಲ ಉಳಿಯಿತು.

1986ರಲ್ಲಿ ಆಟ ಮುಗಿಯಿತು. ಸ್ವಲ್ಪ ಕಾಲ ಷೇರು ಬ್ರೋಕರ್ ಕೆಲಸ ಮಾಡಿದರು. ಸಣ್ಣಣ್ಣ, ನಿನ್ನ ಬ್ಯಾಂಕ್ ಪರೀಕ್ಷೆ ತರಹವೇ! 1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡಕ್ಕೆ ಫಸ್ಟ್ ಬೇಸ್ ಕೋಚ್ ಆಗಿ ಬಂದರು. ಅಲ್ಲಿ ಕೆಲಸ ಅಂದರೆ ಮೊದಲ ಬೇಸ್ ಪಕ್ಕದಲ್ಲಿ ನಿಂತು, ಓಡಿ ಬಂದವನಿಗೆ ಎಲ್ಲಿ ನಿಲ್ಲು, ಯಾವಾಗ ಓಡು ಅಂತ ಹೇಳುವುದು. ಮರುವರ್ಷದಿಂದ ಬ್ಯಾಟಿಂಗ್ ಕೋಚ್. 1993ರಲ್ಲಿ ಅದೇ ತಂಡಕ್ಕೆ ಮ್ಯಾನೇಜರ್.

ಆ ಮೊದಲ ವರ್ಷದ ಕತೆ ಕೇಳು. ಹಿಂದಿನ ವರ್ಷ 72 ಮ್ಯಾಚ್ ಗೆದ್ದಿದ್ದ ತಂಡ ಇವರ ಕೈಗೆ ಬಂದ ಮೇಲೆ 103 ಗೆದ್ದಿತು. ಆದರೆ ಅಟ್ಲಾಂಟಾ ಬ್ರೇವ್ಸ್ 104 ಗೆದ್ದಿತು. ಆಗಿನ ನಿಯಮದಲ್ಲಿ ಗುಂಪಿಗೆ ಒಂದೇ ತಂಡ ಮುಂದೆ ಹೋಗುತ್ತಿತ್ತು. ಕೊನೆಯ ದಿನ ಗೆದ್ದಿದ್ದರೆ ಸಮಬಲವಾಗುತ್ತಿತ್ತು. ಅವತ್ತು 12–1ರಲ್ಲಿ ಸೋತರು. 103 ಗೆದ್ದು ಮನೆಗೆ ಹೋಗುವುದು! ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

2002ರ ವರ್ಲ್ಡ್ ಸೀರೀಸ್ ಇನ್ನೂ ಕಷ್ಟದ್ದು. ಎದುರಾಳಿ ಅನಹೈಮ್ ಏಂಜಲ್ಸ್. ಜೈಂಟ್ಸ್ 3–2ರಲ್ಲಿ ಮುಂದೆ, ಇನ್ನೊಂದು ಗೆದ್ದರೆ ಕಪ್. ಆರನೇ ಮ್ಯಾಚಿನಲ್ಲಿ ಏಳನೇ ಇನ್ನಿಂಗ್ಸ್‌ನಲ್ಲಿ 5–0 ಮುನ್ನಡೆ. ಬೇಕಾದದ್ದು ಇನ್ನು ಎಂಟು ಔಟ್. ಡಸ್ಟಿ ನಡೆದು ಹೋಗಿ ಪಿಚರ್ ರಸ್ ಓರ್ಟಿಜ್‌ನನ್ನು ತೆಗೆದರು. ಹೋಗುವಾಗ ಆಟದ ಚೆಂಡನ್ನೇ ಅವನ ಕೈಗೆ ಕೊಟ್ಟು ಕಳಿಸಿದರು, ಇದು ನಿನ್ನ ಗೆಲುವು, ಇಟ್ಟುಕೋ ಅನ್ನುವ ಹಾಗೆ. ಆಮೇಲೆ ಬಂದ ಪಿಚರ್‌ಗೆ ಮೂರು ರನ್ನಿನ ಹೋಮ್ ರನ್ ಬಿತ್ತು. ಮ್ಯಾಚ್ 6–5ರಲ್ಲಿ ಕೈತಪ್ಪಿತು, ಮರುದಿನ ಏಳನೆಯದೂ ಹೋಯಿತು. ಆ ಚೆಂಡು ಕೊಟ್ಟದ್ದಕ್ಕೆ ವರ್ಷಗಟ್ಟಲೆ ಅವರನ್ನು ಬೈದರು. ಗೆಲ್ಲುವ ಮೊದಲೇ ಹಬ್ಬ ಮಾಡಿದ ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ. ಪ್ರಾಣ ಕೊಟ್ಟು ಎಸೆದ ಹುಡುಗನನ್ನು ಬರಿಗೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ, ಅಷ್ಟೇ.

ಅದೇ ಸೀರೀಸ್‌ನಲ್ಲಿ ಇನ್ನೊಂದು ನಡೆಯಿತು. ಡಸ್ಟಿಯ ಮಗ ಡ್ಯಾರನ್, ಮೂರು ವರ್ಷದ ಕೂಸು, ಬ್ಯಾಟ್ ಎತ್ತಿಕೊಂಡು ಬರುವ ಹುಡುಗನಾಗಿ ಜರ್ಸಿ ಹಾಕಿಕೊಂಡು ಓಡಾಡುತ್ತಿತ್ತು. ಐದನೇ ಮ್ಯಾಚಿನಲ್ಲಿ ಆಟ ನಡೆಯುತ್ತಿರುವಾಗಲೇ ಬ್ಯಾಟ್ ತರಲು ಓಡಿತು. ಹಿಂದಿನಿಂದ ಇನ್ನೊಬ್ಬ ಆಟಗಾರ ರಭಸದಿಂದ ಬರುತ್ತಿದ್ದ. ಆಗಷ್ಟೇ ರನ್ ಮುಗಿಸಿದ ಜೆ.ಟಿ. ಸ್ನೋ ಆ ಮಗುವಿನ ಜಾಕೆಟ್ಟಿನ ಕತ್ತು ಹಿಡಿದು ಒಂದೇ ಕೈಯಲ್ಲಿ ಮೇಲೆತ್ತಿಕೊಂಡ. ಆ ವಿಡಿಯೋ ನೋಡು, ಈಗಲೂ ಎದೆ ಝಲ್ ಅನ್ನುತ್ತದೆ.

2003ರಲ್ಲಿ ಶಿಕಾಗೋ ಕಬ್ಸ್ ತಂಡಕ್ಕೆ ಮ್ಯಾನೇಜರ್ ಆದರು. ವರ್ಲ್ಡ್ ಸೀರೀಸ್‌ಗೆ ಹೋಗಲು ಐದು ಔಟ್ ಬಾಕಿ, 3–0 ಮುನ್ನಡೆ. ಗ್ಯಾಲರಿ ಅಂಚಿಗೆ ಬಂದ ಚೆಂಡಿಗೆ ಒಬ್ಬ ಪ್ರೇಕ್ಷಕ ಕೈ ಚಾಚಿದ, ಫೀಲ್ಡರ್‌ಗೆ ಕ್ಯಾಚ್ ಸಿಗಲಿಲ್ಲ. ಆಮೇಲೆ ತಂಡದವರೇ ಒಂದು ಸುಲಭದ ಚೆಂಡು ಬಿಟ್ಟರು. ಎಂಟು ರನ್ ಹೋಯಿತು, ಕೊನೆಗೆ ವರ್ಲ್ಡ್ ಸೀರೀಸ್ ಕೈತಪ್ಪಿತು. ಊರೆಲ್ಲ ಆ ಪ್ರೇಕ್ಷಕನ ಮೇಲೆ ಬಿತ್ತು, ಅದು ದೊಡ್ಡ ಅನ್ಯಾಯ. ಉಳಿದ ಬೈಗುಳ ಡಸ್ಟಿಗೆ. ಎಳೆಯ ಪಿಚರ್‌ಗಳ ಕೈಯಿಂದ ಜಾಸ್ತಿ ಎಸೆಸಿ ತೋಳು ಹಾಳುಮಾಡಿದರು ಅನ್ನುವ ದೂರು ಕೂಡ ಇತ್ತು. ಅದರಲ್ಲಿ ನಿಜಾಂಶ ಇದೆ ಅಂತ ನನಗೂ ಅನ್ನಿಸುತ್ತದೆ. ಮಾರ್ಕ್ ಪ್ರಯರ್ ಅನ್ನುವ ಹುಡುಗ ಆ ವರ್ಷ ಒಂದೊಂದು ಮ್ಯಾಚಿನಲ್ಲಿ ಎಸೆದ ಚೆಂಡು ಇವತ್ತು ಯಾರೂ ಎಸೆಯಲು ಬಿಡುವುದಿಲ್ಲ. ಪುಟ್ಟು, ನಿನ್ನ ಮಂಡಿ ಹೋದದ್ದೂ ಹಾಗೇ ಅಲ್ವಾ, ನೋವು ಇದ್ದರೂ ಇನ್ನೊಂದು ಓವರ್, ಇನ್ನೊಂದು ಓವರ್ ಅಂತ. ನಿನ್ನ ಹುಡುಗರ ಓವರ್ ಎಣಿಸು. ಒಂದು ನೋಟ್‌ಬುಕ್ ಇಟ್ಟುಕೊಂಡು ಬರೆದಿಡು.

ಆಮೇಲೆ ಸಿನ್ಸಿನಾಟಿ, ಆಮೇಲೆ ವಾಷಿಂಗ್ಟನ್. ಎರಡೂ ಕಡೆ ತಂಡ ಮೇಲೆ ಬಂತು, ಎರಡೂ ಕಡೆ ಕೊನೆಗೆ ಕೆಲಸ ಹೋಯಿತು. ವಾಷಿಂಗ್ಟನ್‌ನಲ್ಲಿ 95, ಮರುವರ್ಷ 97 ಗೆಲುವು. ಆದರೂ ಬೇಡ ಅಂದರು. ಜೈಂಟ್ಸ್‌ನಲ್ಲಿದ್ದಾಗಲೇ ಪ್ರಾಸ್ಟೇಟ್ ಕ್ಯಾನ್ಸರ್ ಬಂದಿತ್ತು, ಸಿನ್ಸಿನಾಟಿಯಲ್ಲಿದ್ದಾಗ ಒಂದು ಸಣ್ಣ ಪಾರ್ಶ್ವವಾಯು. ವಾಷಿಂಗ್ಟನ್ ಆದ ಮೇಲೆ ಎರಡು ವರ್ಷ ಮ್ಯಾನೇಜರ್ ಕೆಲಸ ಇಲ್ಲದೆ ಇದ್ದರು.

2020ರ ಜನವರಿಯಲ್ಲಿ ನಮ್ಮ ಹೂಸ್ಟನ್‌ನವರು ಕರೆದರು. ನಮ್ಮ ತಂಡದ ಸ್ಥಿತಿ ಆಗ ಹೇಗಿತ್ತು ಅಂದರೆ ತಲೆ ಎತ್ತುವ ಹಾಗಿರಲಿಲ್ಲ. 2017ರಲ್ಲಿ ಕ್ಯಾಮೆರಾ ಇಟ್ಟು ಎದುರಾಳಿಯ ಸನ್ನೆ ಕದ್ದು, ಕಸದ ಡಬ್ಬ ಬಡಿದು ತಮ್ಮ ಬ್ಯಾಟರ್‌ಗೆ ಯಾವ ಚೆಂಡು ಬರುತ್ತದೆ ಅಂತ ತಿಳಿಸುತ್ತಿದ್ದರು. ಅದು ಬಯಲಾಗಿ 50 ಲಕ್ಷ ಡಾಲರ್ ದಂಡ ಬಿತ್ತು, ಮ್ಯಾನೇಜರ್ ಕೆಲಸ ಕಳೆದುಕೊಂಡರು. ನನ್ನ ಮಗ ಆಸ್ಟ್ರೋಸ್ ಟೋಪಿಯನ್ನು ಬೀರುವಿನೊಳಗೆ ಹಾಕಿಬಿಟ್ಟಿದ್ದ. ಎಲ್ಲ ಊರಿನಲ್ಲೂ ಆ ಆಟಗಾರರಿಗೆ ಕೂಗಾಟ, ಛೀಮಾರಿ. ಅವರ ಮುಂದೆ ಹೋಗಿ ನಿಂತವರು 70 ವರ್ಷದ ಡಸ್ಟಿ. ತಪ್ಪು ಇವರದಲ್ಲ, ಆಗ ಇವರು ಇಲ್ಲಿ ಇರಲೇ ಇಲ್ಲ. ಆದರೂ ದಿನಾ ಪತ್ರಕರ್ತರ ಮುಂದೆ ಕೂತು ಉತ್ತರ ಕೊಟ್ಟರು. ಬೆದರಿಕೆ ಪತ್ರಗಳ ಮಧ್ಯೆ ಆರನ್ ಹೇಗೆ ನಡೆದುಕೊಂಡರು ಅಂತ ಕಣ್ಣಾರೆ ಕಂಡವರಲ್ಲವಾ?

2021ರ ಜನವರಿಯಲ್ಲಿ ಆರನ್ ತೀರಿಕೊಂಡರು. ಅದೇ ವರ್ಷ ಆಸ್ಟ್ರೋಸ್ ವರ್ಲ್ಡ್ ಸೀರೀಸ್‌ಗೆ ಬಂತು, ಎದುರಾಳಿ ಅದೇ ಅಟ್ಲಾಂಟಾ ಬ್ರೇವ್ಸ್. ಆ ತಂಡದ ಮ್ಯಾನೇಜರ್ ಬ್ರಯಾನ್ ಸ್ನಿಟ್ಕರ್ ಅವರ ಮಗ ಟ್ರಾಯ್ ನಮ್ಮ ತಂಡದ ಬ್ಯಾಟಿಂಗ್ ಕೋಚ್! ಅಪ್ಪನ ಎದುರು ಮಗ. ನಾವು ಸೋತೆವು.

2022ರಲ್ಲಿ ಮತ್ತೆ ವರ್ಲ್ಡ್ ಸೀರೀಸ್. ಫಿಲಡೆಲ್ಫಿಯಾ ವಿರುದ್ಧ ಮೂರನೇ ಮ್ಯಾಚಿನಲ್ಲಿ ಐದು ಹೋಮ್ ರನ್ ಹೊಡೆಸಿಕೊಂಡು 7–0ರಲ್ಲಿ ಸೋತರು. ಮರುದಿನ ನಾಲ್ಕು ಪಿಚರ್‌ಗಳು ಸೇರಿ ಎದುರಾಳಿಗೆ ಒಂದೇ ಒಂದು ಹಿಟ್ ಕೊಡಲಿಲ್ಲ. ನವೆಂಬರ್ 5ರ ರಾತ್ರಿ ಆರನೇ ಮ್ಯಾಚ್, ಇಲ್ಲೇ ಹೂಸ್ಟನ್‌ನಲ್ಲಿ. ನಮ್ಮ ಯೋರ್ಡಾನ್ ಅಲ್ವಾರೆಜ್ ಹೊಡೆದ ಚೆಂಡು ಎಲ್ಲಿ ಬಿತ್ತು ಅಂತ ನಮ್ಮ ಮನೆಯವರು ಟಿವಿ ಮುಂದೆ ಎದ್ದು ನಿಂತು ನೋಡುತ್ತಿದ್ದರು, ನಾನು ಹುಳಿ ಸೀದುಹೋಗುತ್ತಿದ್ದದ್ದನ್ನೂ ಮರೆತಿದ್ದೆ. 4–1. ಮ್ಯಾನೇಜರ್ ಆಗಿ 25ನೇ ಸೀಸನ್‌ನಲ್ಲಿ, 73ನೇ ವಯಸ್ಸಿನಲ್ಲಿ, ಅವರ ಮೊದಲ ವರ್ಲ್ಡ್ ಸೀರೀಸ್ ಗೆಲುವು. ಅಷ್ಟು ವಯಸ್ಸಿನಲ್ಲಿ ಅದನ್ನು ಗೆದ್ದ ಮ್ಯಾನೇಜರ್ ಅದಕ್ಕೆ ಮೊದಲು ಇರಲಿಲ್ಲ. ಸೋಮವಾರ ಶಾಲೆಗೆ ರಜೆ ಕೊಟ್ಟು ಊರೆಲ್ಲ ಮೆರವಣಿಗೆಗೆ ಹೋಯಿತು. ನಾವೂ ಹೋಗಿದ್ದೆವು. ಮಗ ಬೀರುವಿನಿಂದ ಆ ಟೋಪಿ ತೆಗೆದು ಹಾಕಿಕೊಂಡಿದ್ದ.

2023ಕ್ಕೆ ಅವರು ಮ್ಯಾನೇಜರ್ ಕೆಲಸ ಬಿಟ್ಟರು. ಒಟ್ಟು 2,183 ಗೆಲುವು. ಐದು ಬೇರೆ ಬೇರೆ ತಂಡಗಳನ್ನು ಗುಂಪಿನ ಮೊದಲ ಸ್ಥಾನಕ್ಕೆ ತಂದ ಮ್ಯಾನೇಜರ್ ಇವರೊಬ್ಬರೇ. ಸಣ್ಣಣ್ಣ, ಆಡೋಕೆ ಆಗದವರ ಕೆಲಸ ಅಂತ ಇನ್ನೊಂದು ಸಲ ಅನ್ನಬೇಡ ಆಯ್ತಾ? ಜಾಕೆಟ್ ಹಿಡಿದು ಎತ್ತಿದ್ದರಲ್ಲ, ಆ ಕೂಸು ಡ್ಯಾರನ್, ಅವನೂ ದೊಡ್ಡವನಾಗಿ 2024ರ ಸೆಪ್ಟೆಂಬರ್ 1ರಂದು ವಾಷಿಂಗ್ಟನ್ ತಂಡಕ್ಕೆ ಮೊದಲ ಸಲ ಬ್ಯಾಟ್ ಹಿಡಿದ. ಎದುರಿಸಿದ ಮೊದಲ ಚೆಂಡಿಗೇ ಹಿಟ್.

ಪುಟ್ಟು, ನಾಳೆ ಸಂಜೆ ಪ್ರಾಕ್ಟೀಸ್ ಇದೆ ಅಂದಿದ್ದೆ. ಆ ತಾಯಿ ಮಗನನ್ನು ಬಿಡಲು ಬರುತ್ತಾರೆ. ಈ ಸಲ ತಲೆ ಆಡಿಸಿ ಬರಬೇಡ. ನಿಂತು ಎರಡು ಮಾತು ಆಡು, ಹುಡುಗನ ಹೆಸರು ಕೇಳು, ಮನೆ ಎಲ್ಲಿ, ಹೇಗೆ ಬರುತ್ತಾನೆ ಅಂತ ಕೇಳು. ನೋಡಿಕೊಳ್ಳುತ್ತೇನೆ ಅಮ್ಮಾ ಅಂತ ಬಾಯಿಬಿಟ್ಟು ಹೇಳು. ಅವರು ಏನಂದರು ಅಂತ ರಾತ್ರಿ ನನಗೆ ಹಾಕು, ಇಲ್ಲಿ ಆಗ ಬೆಳಿಗ್ಗೆ, ನಾನು ಎದ್ದಿರುತ್ತೇನೆ.