ಮನೆಯಿಂದಲೇ ಮತದಾನ: 82 ವರ್ಷದವರಿಗೆ ಸಿಗುತ್ತದೆಯೇ?

ಪ್ರಶ್ನೆ: ಅಜ್ಜಿಗೆ 82, ನಡೆಯಲಾಗದು. ಈಗ ಇರುವುದು ಬೇರೆ ಕ್ಷೇತ್ರದಲ್ಲಿರುವ ಮಗಳ ಮನೆಯಲ್ಲಿ. ಅಲ್ಲಿಂದಲೇ ಮತ ಹಾಕಬಹುದೇ?

ಉತ್ತರ 1: ವಯಸ್ಸಿನ ಮೇಲೆ ಆಗುವುದಿಲ್ಲ. 2024ರ ಮಾರ್ಚ್‌ನ ತಿದ್ದುಪಡಿಯಲ್ಲಿ ಮಿತಿ 80ರಿಂದ 85ಕ್ಕೆ ಏರಿತು. ಆದರೆ ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರವಿದ್ದರೆ ವಯಸ್ಸು ಲೆಕ್ಕಕ್ಕಿಲ್ಲ, ಮೊದಲು ಅದನ್ನು ಮಾಡಿಸಿ. ಚುನಾವಣೆಯ ಅಧಿಸೂಚನೆ ಹೊರಬಿದ್ದ 5 ದಿನದೊಳಗೆ ನಮೂನೆ 12ಡಿ (ಮನೆಯಿಂದ ಮತದಾನದ ಅರ್ಜಿ) ಸಲ್ಲಿಸಬೇಕು. ಅರ್ಜಿ ಒಪ್ಪಿಗೆಯಾದರೆ ಮತದಾರರ ಪಟ್ಟಿಯಲ್ಲಿ ಹೆಸರಿನೆದುರು ‘ಪಿಬಿ’ (ಪೋಸ್ಟಲ್ ಬ್ಯಾಲೆಟ್, ಅಂದರೆ ಅಂಚೆ ಮತಪತ್ರ) ಗುರುತು ಬೀಳುತ್ತದೆ. ಆಮೇಲೆ ಮನಸ್ಸು ಬದಲಿಸಿ ಬೂತ್‌ಗೆ ಹೋದರೆ ವಾಪಸ್ ಕಳಿಸುತ್ತಾರೆ. ಜನ ಎಡವುವುದು ಇಲ್ಲೇ.

ಉತ್ತರ 2: ವಿಳಾಸವೂ ಮುಖ್ಯ. ಮಗಳ ಮನೆಯಲ್ಲೇ ಕಾಯಂ ವಾಸವಾದರೆ ನಮೂನೆ 8 ಹಾಕಿ ಹೆಸರು ವರ್ಗಾಯಿಸಿ. ಈಗಲೇ ಹಾಕಿ, ನಾಮಪತ್ರದ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಪಟ್ಟಿ ಬದಲಾಗದು.