ಎಲ್ಲ ಗೆರೆಗಳ ಮೇಲೂ ಸೊನ್ನೆ ಬರುತ್ತೆ, ಆದ್ರೂ ಲಿಮಿಟ್ ಇಲ್ಲ ಅಂದ್ರೆ ಹೇಗೆ?

ಪ್ರಶ್ನೆ (ಬಿಎಸ್ಸಿ ಎರಡನೇ ವರ್ಷ, ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂನಲ್ಲಿ ಓದಿದವಳು, ಅದಕ್ಕೆ ಕನ್ನಡದಲ್ಲೇ ಕೇಳ್ತಿದ್ದೀನಿ. ಹೋದ ವಾರ ಇಂಟರ್ನಲ್ಸ್‌ನಲ್ಲಿ ಐದು ಮಾರ್ಕ್ಸಿಗೆ ಈ ಲೆಕ್ಕ ಬಂದಿತ್ತು:

ಎಫ್ = ಎಕ್ಸ್²·ವೈ / (ಎಕ್ಸ್⁴ + ವೈ²). (ಎಕ್ಸ್, ವೈ) ಮೂಲಬಿಂದುವಿನ ಕಡೆ ಹೋದಾಗ ಲಿಮಿಟ್ ಇದೆಯೇ? (ಅಂದ್ರೆ ಎಫ್ ಒಂದೇ ಒಂದು ಬೆಲೆಗೆ ಹತ್ತಿರ ಹೋಗುತ್ತಾ ಅಂತ.)

ನಾನು ವೈ = ಎಂ·ಎಕ್ಸ್ ಹಾಕಿದೆ. ಅಂಶದಲ್ಲಿ ಎಂ·ಎಕ್ಸ್³, ಛೇದದಲ್ಲಿ ಎಕ್ಸ್²(ಎಕ್ಸ್² + ಎಂ²). ಮೇಲೆ ಕೆಳಗೆ ಎಕ್ಸ್² ಹೊಡೆದರೆ ಉಳಿಯೋದು ಎಂ·ಎಕ್ಸ್ / (ಎಕ್ಸ್² + ಎಂ²). ಎಕ್ಸ್ ಸೊನ್ನೆಗೆ ಹೋದರೆ ಇದೂ ಸೊನ್ನೆ, ಎಂ ಏನೇ ಇರಲಿ. ಎರಡು ಅಕ್ಷಗಳ ಮೇಲೂ ಸೊನ್ನೆ. ಹಾಗಾಗಿ ಲಿಮಿಟ್ ಸೊನ್ನೆ ಅಂತ ಬರೆದೆ. ಒಂದು ಮಾರ್ಕು ಬಂತು. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ "ವೈ = ಎಕ್ಸ್² ?" ಅಂತಿತ್ತು, ಅಷ್ಟೇ.

ಮನೆಗೆ ಬಂದು ಹಾಕಿ ನೋಡಿದೆ. ಎಕ್ಸ್⁴ / 2ಎಕ್ಸ್⁴, ಅಂದ್ರೆ 1/2. ಲೆಕ್ಕ ಒಪ್ಪಿದೆ, ಮನಸ್ಸು ಒಪ್ತಾ ಇಲ್ಲ. ಮೂಲಬಿಂದುವಿಗೆ ಯಾವ ದಿಕ್ಕಿನಿಂದ ಬಂದರೂ ಸೊನ್ನೆ ಸಿಗುತ್ತೆ. ಎಲ್ಲ ದಿಕ್ಕೂ ಮುಗಿದ ಮೇಲೆ ಈ 1/2 ಎಲ್ಲಿಂದ ಬಂತು? ಪೋಲಾರ್‌ಗೆ ಬದಲಾಯಿಸಿ, ಕೋನ ಥೀಟಾ ಹಿಡಿದಿಟ್ಟು ದೂರ ಆರ್ ಸೊನ್ನೆ ಮಾಡಿದರೂ ಸೊನ್ನೆಯೇ ಬರ್ತಿದೆ. ಎರಡು ದಿನದಿಂದ ಇದೇ ತಲೇಲಿ ಕೂತಿದೆ. ದಯವಿಟ್ಟು ಯಾರಾದ್ರೂ ಹೇಳಿ.

ಉತ್ತರ 1 (ಗಣಿತ ಉಪನ್ಯಾಸಕಿ, ಹಾಸನ)

ನೋಡಮ್ಮ, ನಿನ್ನ ಲೆಕ್ಕದಲ್ಲಿ ಒಂದು ಹೆಜ್ಜೆಯೂ ತಪ್ಪಿಲ್ಲ. "ಹಾಗಾಗಿ" ಅಂತ ಬರೆದೆಯಲ್ಲ, ಆ ಒಂದು ಪದ ತಪ್ಪು. ಇಪ್ಪತ್ತು ವರ್ಷದಿಂದ ಈ ಪಾಠ ಮಾಡ್ತಿದ್ದೀನಿ, ಪ್ರತಿ ಬ್ಯಾಚಿನಲ್ಲೂ ಒಳ್ಳೆಯ ಮಕ್ಕಳೇ ಇಲ್ಲಿ ನಿಲ್ಲೋದು.

ಒಂದು ಕ್ಯಾಲ್ಕುಲೇಟರ್ ತಗೋ. ವೈ = ಎಕ್ಸ್/10 ಅನ್ನೋ ಗೆರೆ ಹಿಡಿದು ಮೂಲಬಿಂದುವಿನ ಕಡೆ ನಡೆ. ಎಕ್ಸ್ = 1 ಇದ್ದಾಗ ಎಫ್ ಸುಮಾರು 0.099. ಎಕ್ಸ್ = 0.1 ಆದಾಗ ಎಷ್ಟು? ಸರಿಯಾಗಿ 0.5. ಎಕ್ಸ್ = 0.01ಕ್ಕೆ ಮತ್ತೆ 0.099, ಎಕ್ಸ್ = 0.001ಕ್ಕೆ ಹತ್ತಿರ ಹತ್ತಿರ 0.01. ಅಂದರೆ ಸೊನ್ನೆಗೆ ಇಳಿಯೋದು ನಿಜ, ಆದರೆ ಅದಕ್ಕೆ ಮೊದಲು ಅರ್ಧದವರೆಗೂ ಹತ್ತಿ ಇಳಿಯುತ್ತೆ. ಈಗ ಇನ್ನೂ ಮಲಗಿದ ಗೆರೆ, ವೈ = ಎಕ್ಸ್/100 ಹಿಡಿ. ಇದೂ 0.5ಕ್ಕೆ ಹತ್ತುತ್ತೆ, ಆದರೆ ಎಕ್ಸ್ = 0.01ರಲ್ಲಿ. ಸ್ಲೋಪ್ ಎಂ ಇರುವ ಗೆರೆ ಎಕ್ಸ್ = ಎಂ ಆದ ಜಾಗದಲ್ಲಿ ಹತ್ತುತ್ತೆ. ಗೆರೆ ಮಲಗಿದಷ್ಟೂ ಆ ಏರು ಮೂಲಬಿಂದುವಿಗೆ ಹತ್ತಿರ ಬರುತ್ತೆ.

ನಮ್ಮೂರ ಕೆರೆ ಏರಿ ನೆನೆಸಿಕೋ. ವೈ = ಎಕ್ಸ್² ಅನ್ನೋ ಪರವಲಯದ ಉದ್ದಕ್ಕೂ ಅರ್ಧ ಎತ್ತರದ ಒಂದು ಏರಿ ಹಾಕಿದ್ದಾರೆ. ಹೋಗ್ತಾ ಹೋಗ್ತಾ ಸಣ್ಣದಾಗುತ್ತೆ, ಎತ್ತರ ಮಾತ್ರ ಕಡಿಮೆಯಾಗಲ್ಲ. ಬಾಗಿಕೊಂಡು ಮೂಲಬಿಂದುವಿನವರೆಗೂ ಬಂದಿದೆ. (ಕೆಳಗಡೆ ವೈ = −ಎಕ್ಸ್² ಮೇಲೆ ಅಷ್ಟೇ ಆಳದ ಕಾಲುವೆ ಇದೆ, ಅಲ್ಲಿ ಬೆಲೆ −1/2.) ನೇರ ನಡೆಯುವವರು ಏರಿಯನ್ನು ಎಲ್ಲೋ ಒಂದು ಕಡೆ ದಾಟಿ, ಕೆಳಗಿಳಿದು, ನೆಲದ ಮೇಲೇ ಊರು ಸೇರ್ತಾರೆ. ಅವರನ್ನು ಕೇಳಿದರೆ ಕೊನೆಗೆಲ್ಲ ಸಮತಟ್ಟು ಅಂತಾರೆ, ಅವರ ಮಟ್ಟಿಗೆ ಅದು ನಿಜ. ಏರಿ ಮೇಲೇ ನಡೆದು ಬಂದವನು ಕೊನೇ ಹೆಜ್ಜೆವರೆಗೂ ಇಳಿದೇ ಇಲ್ಲ.

ನೀನು ದಿಕ್ಕುಗಳನ್ನೆಲ್ಲ ಮುಗಿಸಿದೆ, ದಾರಿಗಳನ್ನಲ್ಲ. ಲಿಮಿಟ್ ಕೇಳೋದು ದಿಕ್ಕನ್ನಲ್ಲ, ಮೂಲಬಿಂದುವಿನ ಸುತ್ತ ಎಳೆದ ಪುಟ್ಟ ವೃತ್ತದೊಳಗಿನ ಎಲ್ಲ ಬಿಂದುಗಳನ್ನು. ಎಷ್ಟೇ ಚಿಕ್ಕ ವೃತ್ತ ಎಳೆದರೂ ಅದರೊಳಗೆ ಬೆಲೆ 1/2 ಇರುವ ಬಿಂದುವೂ ಇದೆ, ಬೆಲೆ 0 ಇರುವ ಬಿಂದುವೂ ಇದೆ. ಒಂದೇ ಸಂಖ್ಯೆ ಎರಡಕ್ಕೂ 1/4ಕ್ಕಿಂತ ಹತ್ತಿರ ಇರೋಕೆ ಆಗಲ್ಲ. ಅಲ್ಲಿಗೆ ಮುಗೀತು.

ಪೋಲಾರ್‌ನಲ್ಲೂ ಇದೇ ಕಥೆ. ಥೀಟಾ ಹಿಡಿದಿಟ್ಟೆ ಅಂದರೆ ಗೆರೆ ಹಿಡಿದೆ ಅಂತಲೇ. ಎಕ್ಸ್²·ವೈ / (ಎಕ್ಸ್² + ವೈ²) ತಗೊಂಡರೆ ಆರ್·ಕಾಸ್²ಥೀಟಾ·ಸೈನ್ ಥೀಟಾ ಬರುತ್ತೆ. ಥೀಟಾ ಹೇಗೆ ಕುಣಿದರೂ ಇದು ಆರ್ ದಾಟಲ್ಲ, ಅಲ್ಲಿ ಸೊನ್ನೆ ಅಂತ ಧೈರ್ಯವಾಗಿ ಬರಿ. ನಿನ್ನ ಲೆಕ್ಕದಲ್ಲಿ ಮೇಲೆ ಕೆಳಗೆ ಆರ್² ಹೊಡೆದ ಮೇಲೆ ಛೇದ ಆರ್²·ಕಾಸ್⁴ಥೀಟಾ + ಸೈನ್²ಥೀಟಾ. ಥೀಟಾ ಸಣ್ಣದಾಗ್ತಾ ಹೋದರೆ ಛೇದವೂ ಜೊತೆಗೇ ಕುಸಿಯುತ್ತೆ, ಥೀಟಾ ಇಲ್ಲದ ಮಿತಿ ಹಾಕೋಕೆ ಆಗಲ್ಲ.

ಉತ್ತರ 2 (ಎಂಎಸ್ಸಿ ವಿದ್ಯಾರ್ಥಿ, ಧಾರವಾಡ)

ಮೇಡಂ ಎಲ್ಲಾ ಹೇಳ್ಯಾರ. ನಾ ಒಂದ ಮಾತು ಸೇರಸ್ತೀನಿ, ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇಂಥಾದ್ದರೊಳಗ ಕೋಶಿಯಂಥಾ ದೊಡ್ಡ ಗಣಿತಜ್ಞರೂ ಎಡವ್ಯಾರ. ಒಂದೊಂದ ಚರಾಕ್ಷರದಾಗ ಬ್ಯಾರೆ ಬ್ಯಾರೆ ನೋಡಿದಾಗ ಫಂಕ್ಷನ್ ಕಂಟಿನ್ಯೂಯಸ್ (ಎಲ್ಲೂ ಜಿಗಿತ ಇಲ್ಲದ್ದು) ಇದ್ರ, ಎರಡೂ ಕೂಡಿಸಿ ನೋಡಿದ್ರೂ ಕಂಟಿನ್ಯೂಯಸ್ ಅಂತ 1821ರಾಗ ಅವರು ಬರದಿದ್ರು. ಅದು ಸುಳ್ಳು ಅಂತ ತೋರ್ಸೋ ಗಣಿತಜ್ಞ ಹೈನೆಯವರ ಉದಾಹರಣೆ 1870ರಾಗ ಅಚ್ಚಾತು: ಸೈನ್(4·ಆರ್ಕ್‌ಟ್ಯಾನ್(ವೈ/ಎಕ್ಸ್)). ಎರಡೂ ಅಕ್ಷದ ಮ್ಯಾಲ ಸೊನ್ನಿ, 22.5 ಡಿಗ್ರಿ ಗೆರಿ ಮ್ಯಾಲ 1. ಇನ್ನ ನಿಮ್ಮ ಲೆಕ್ಕದಾಗ ಎಕ್ಸ್ ವೈ ಅದಲಿ ಬದಲಿ ಮಾಡ್ರಿ, ಎಕ್ಸ್·ವೈ² / (ಎಕ್ಸ್² + ವೈ⁴) ಆಗ್ತದ. ಅದು 1884ರಾಗ ಗಣಿತಜ್ಞ ಪೆಯಾನೊ ಕೊಟ್ಟದ್ದು.

ಪ್ರಶ್ನೆ ಕೇಳಿದವಳು

ಮೇಡಂ, ಏರಿ ಓದಿದ ತಕ್ಷಣ ಕಣ್ಣಿಗೆ ಕಟ್ಟಿತು. 0.099, 0.5, 0.099 ನಾನೇ ಒತ್ತಿ ನೋಡಿದೆ. ಥ್ಯಾಂಕ್ಸ್ ಅಣ್ಣ ನಿಮಗೂ. ಇನ್ನೊಂದೇ ಅನುಮಾನ: ಪರೀಕ್ಷೆ ಹಾಲ್‌ನಲ್ಲಿ ವೈ = ಎಕ್ಸ್² ಅನ್ನೋದು ಹೊಳೆಯೋದು ಹೇಗೆ?

ಉತ್ತರ 3 (ಉಪನ್ಯಾಸಕಿ, ಹಾಸನ)

ಹೊಳೆಯೋದಕ್ಕೆ ಕಾಯಬೇಡ, ಛೇದ ನೋಡು. ಎಕ್ಸ್⁴ ಮತ್ತು ವೈ². ಇವೆರಡೂ ಸರಿಸಮ ಆಗೋದು ವೈ ಎಕ್ಸ್²ನಷ್ಟಿದ್ದಾಗ. ಒಂದು ದೊಡ್ಡದು ಇನ್ನೊಂದು ಚಿಕ್ಕದು ಆದರೆ ದೊಡ್ಡದೇ ಛೇದವನ್ನು ಆಳುತ್ತೆ, ಭಾಗಲಬ್ಧ ಸಣ್ಣದಾಗುತ್ತೆ. ಸಮ ಆದ ಕಡೆಯೇ ಏರಿ ಇರೋದು. ಅದಕ್ಕೆ ವೈ = ಕೆ·ಎಕ್ಸ್² ಹಾಕು, ಕೆ / (1 + ಕೆ²) ಬರುತ್ತೆ. ಉತ್ತರದಲ್ಲಿ ಕೆ ಉಳಿದರೆ ಲಿಮಿಟ್ ಇಲ್ಲ. ಎಕ್ಸ್·ವೈ³ / (ಎಕ್ಸ್² + ವೈ⁶) ಬಂದರೆ ಎಕ್ಸ್ = ಕೆ·ವೈ³.

ಛೇದವೇ ಸೊನ್ನೆಯಾಗುವ ಗೆರೆ ಇದ್ದರೆ ಬೇರೆ ಉಪಾಯ. ಎಕ್ಸ್·ವೈ / (ಎಕ್ಸ್ + ವೈ) ನೋಡು. ವೈ = −ಎಕ್ಸ್ ಮೇಲೆ ಫಂಕ್ಷನ್ನೇ ಇಲ್ಲ, ಆ ದಾರೀಲಿ ಹೋಗೋ ಹಾಗಿಲ್ಲ. ಅದಕ್ಕೆ ಒತ್ತಿಕೊಂಡು ಹೋಗು: ವೈ = −ಎಕ್ಸ್ + ಕೆ·ಎಕ್ಸ್², ಕೆ ಸೊನ್ನೆ ಬೇಡ. ಛೇದ ಕೆ·ಎಕ್ಸ್², ಅಂಶ −ಎಕ್ಸ್² + ಕೆ·ಎಕ್ಸ್³. ಲಿಮಿಟ್ −1/ಕೆ. ಮತ್ತೆ ಕೆ ಉಳಿಯಿತು.

ಪೇಪರ್ ತಿದ್ದುವಾಗ ಪದೇ ಪದೇ ಕಾಣುವ ತಪ್ಪು ಒಂದಿದೆ. ವೈ = ಎಕ್ಸ್ + 1 ದಾರಿ ಅಂತ ಬರೀತಾರೆ. ಅದು ಮೂಲಬಿಂದುವನ್ನು ಮುಟ್ಟೋದೇ ಇಲ್ಲ. ನಿನ್ನ ದಾರಿ ಊರಿಗೆ ಹೋಗುತ್ತಾ ಅಂತ ಮೊದಲು ನೋಡ್ಕೋ.

ಪ್ರಶ್ನೆ ಕೇಳಿದವಳು

ಎಕ್ಸ್²·ವೈ² / (ಎಕ್ಸ್⁴ + ವೈ²) ನಾನೇ ಬರೆದುಕೊಂಡು ಮಾಡಿದೆ. ವೈ = ಕೆ·ಎಕ್ಸ್² ಹಾಕಿದರೆ ಕೆ²·ಎಕ್ಸ್² / (1 + ಕೆ²), ಸೊನ್ನೆಗೆ ಹೋಗುತ್ತೆ. ಗೆರೆಗಳ ಮೇಲೂ ಸೊನ್ನೆ. ಈಗ ಸೊನ್ನೆ ಅಂತ ಬರೀಬಹುದಾ ಮೇಡಂ, ಇನ್ನೂ ದಾರಿ ಹುಡುಕಬೇಕಾ? ಹೋದ ಸಲದ ಭಯ ಇನ್ನೂ ಇದೆ.

ಉತ್ತರ 4 (ಉಪನ್ಯಾಸಕಿ, ಹಾಸನ)

ಹುಡುಕೋದು ನಿಲ್ಲಿಸು. ನೂರು ದಾರೀಲಿ ಸೊನ್ನೆ ಬಂದರೂ ಅದು ಸಾಕ್ಷಿ ಆಗಲ್ಲ. ಇಲ್ಲ ಅಂತ ತೋರಿಸೋಕೆ ಎರಡು ದಾರಿ ಸಾಕು, ಇದೆ ಅಂತ ತೋರಿಸೋಕೆ ದಾರಿ ಬಿಟ್ಟು ಅಸಮತೆ ಹಿಡೀಬೇಕು. ವೈ² ಯಾವತ್ತೂ ಎಕ್ಸ್⁴ + ವೈ² ದಾಟಲ್ಲ, ಹಾಗಾಗಿ ನಿನ್ನ ಫಂಕ್ಷನ್ ಎಕ್ಸ್² ದಾಟಲ್ಲ. ಎಕ್ಸ್² ಸೊನ್ನೆಗೆ ಹೋಗುತ್ತೆ, ಇದೂ ಹೋಗುತ್ತೆ. ಈ ಸಲ "ಹಾಗಾಗಿ" ಅಂತ ಬರಿ.