ಚಿತ್ರ ಬಿಡಿಸೋಕಾ, ಮನೆ ಬಿಡೋಕಾ?

ಶನಿವಾರ ಸಂಜೆ. ಮುಂಬಯಿಯ ಮಾಟುಂಗಾದಲ್ಲಿ ಮಾಮೂಲಿ ಹೊಟೇಲು. ಶಂಕರ ಇಡ್ಲಿ ತಟ್ಟೆ ಪಕ್ಕಕ್ಕೆ ಸರಿಸಿ ಜೇಬಿನಿಂದ ಒಂದು ಪಟ್ಟಿ ತೆಗೆದ. ಮಡಿಕೆ ಬಿಚ್ಚಿದಷ್ಟೂ ಅದು ಉದ್ದವಾಗುತ್ತಿತ್ತು.

"ಏನೋ ಇದು, ಮದುವೆ ಜಿನಸಿನ ಪಟ್ಟಿಯಾ?" ಎಂದರು ರಾಜೀವಕ್ಕ.

"ಅಲ್ಲ ಅಕ್ಕ, ನಾಳೆ ಬಾಣಗಂಗೆ ಕೆರೆಯ ಹತ್ತಿರ ಆಯಿಲ್ ಪೇಂಟಿಂಗ್ ವರ್ಕ್‌ಶಾಪ್. ಬಯಲಲ್ಲೇ ನಿಂತು ಚಿತ್ರ ಬಿಡಿಸಬೇಕು."

ವಾಸಣ್ಣ ಕನ್ನಡಕ ಏರಿಸಿ ಓದತೊಡಗಿದರು. "ಕ್ಯಾನ್ವಾಸ್ ನಿಲ್ಲಿಸೋಕೆ ಮಡಚುವ ಈಸೆಲ್. ಬಣ್ಣದ ಟ್ಯೂಬು ಆರು, ಬಿಳಿಯದು ಮಾತ್ರ ದೊಡ್ಡದು. ಅಗಸೆ ಎಣ್ಣೆ. ಬಣ್ಣ ತೆಳು ಮಾಡೋಕೆ ಟರ್ಪೆಂಟೈನ್. ಬ್ರಶ್ಶು ಎಂಟು. ಚಾಕು. ಕೊಡೆ. ಕೊಡೆ ಸಿಕ್ಕಿಸೋಕೆ ಕ್ಲಾಂಪು. ಸ್ಟೂಲು. ಮಾರಾಯ, ನೀನು ಚಿತ್ರ ಬಿಡಿಸೋಕೆ ಹೋಗ್ತೀಯೋ, ಮನೆ ಬಿಟ್ಟೇ ಹೋಗ್ತೀಯೋ?"

"ನನ್ನ ಕೊಡೆ ತಗೊಂಡು ಹೋಗು," ಎಂದರು ರಾಜೀವಕ್ಕ.

"ನಿಮ್ಮದು ಕೆಂಪು ಅಕ್ಕ. ಅದರ ಬಣ್ಣ ಕ್ಯಾನ್ವಾಸಿನ ಮೇಲೆ ಬೀಳುತ್ತದೆ. ಅಂಗಿ ಕೂಡ ಮಂಕು ಬಣ್ಣದ್ದೇ ಹಾಕಬೇಕಂತೆ."

"ಮುಖ ಮಂಕಾದರೆ ಸಾಲದಾ?" ಎಂದರು ವಾಸಣ್ಣ.

ಶಂಕರನಿಗೆ ಸ್ವಲ್ಪ ಸಿಟ್ಟು ಬಂತು. "ಗೊತ್ತಾ? ಹಿಂದೆ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. 1841ರಲ್ಲಿ ಜಾನ್ ರ‍್ಯಾಂಡ್ ಅನ್ನುವ ಅಮೆರಿಕದ ಚಿತ್ರಕಾರ ತವರದ ಟ್ಯೂಬಿಗೆ ಪೇಟೆಂಟ್ ತಗೊಂಡ. ಹೊರಗೆ ಹೋಗಿ ಬಿಡಿಸೋದು ಸುಲಭವಾಗಿದ್ದೇ ಆಮೇಲೆ."

ರಾಜೀವಕ್ಕ ಸಾಂಬಾರಿನ ಚಮಚ ಕೆಳಗಿಟ್ಟರು. "ತಿನ್ನುವಾಗ ಬೇಕಿತ್ತಾ ಇದು?"

"ಅಂದರೆ ಆ ಪುಣ್ಯಾತ್ಮ ಹೊರೆ ಇಳಿಸಿದ. ನೀವೆಲ್ಲ ಖಾಲಿಯಾದ ಜಾಗಕ್ಕೆ ಸ್ಟೂಲು ತುಂಬಿದಿರಿ," ಎಂದರು ವಾಸಣ್ಣ. "ಇರಲಿ, ಹೋಗೋದು ಹೇಗೆ? ಮಾಟುಂಗಾ ರೋಡಿನಲ್ಲಿ ಹತ್ತಿ ಗ್ರ್ಯಾಂಟ್ ರೋಡಿನಲ್ಲಿ ಇಳಿಯೋದಾ?"

"ಟರ್ಪೆಂಟೈನ್ ಇದೆಯಲ್ಲ. ಬೆಂಕಿ ಹತ್ತುವ ವಸ್ತು ಟ್ರೇನಿನಲ್ಲಿ ಒಯ್ಯುವ ಹಾಗಿಲ್ಲ. ಟ್ಯಾಕ್ಸಿ."

"ಸರಿ, ಪಟ್ಟಿಗೆ ಟ್ಯಾಕ್ಸಿಯನ್ನೂ ಸೇರಿಸು. ಬರುವಾಗ?"

"ಬರುವಾಗಲೂ. ಚಿತ್ರ ಹಸಿ ಇರುತ್ತದೆ, ಒಣಗೋಕೆ ದಿನಗಟ್ಟಲೆ ಬೇಕು."

"ಲೋಕಲ್‌ನಲ್ಲೇ ಬಾರೋ. ನೀನು ಬಿಡಿಸಿದ ಬಾಣಗಂಗೆ ಎಂಟು ಜನರ ಬೆನ್ನ ಮೇಲೆ ವಿರಾರ್ ತನಕ ಹೋಗಲಿ. ಅಷ್ಟಕ್ಕೂ ಚಿತ್ರ ಎಷ್ಟು ದೊಡ್ಡದು?"

ಶಂಕರ ದನಿ ತಗ್ಗಿಸಿದ. "ಎಂಟಿಂಚಿಗೆ ಹತ್ತಿಂಚು. ನೆರಳು ಸರಿಯುತ್ತದಲ್ಲ, ಎರಡು ಗಂಟೆಯೊಳಗೆ ಮುಗಿಸಬೇಕು."

ವಾಸಣ್ಣ ಇಡ್ಲಿ ತಟ್ಟೆಯ ಮೇಲೆ ಅಂಗೈ ಇಟ್ಟು ಅಳೆದರು. "ತಟ್ಟೆಯಷ್ಟೂ ಇಲ್ಲ! ಆನೆಯ ಮೇಲೆ ಅಂಬಾರಿ ಕಟ್ಟಿ ಸೊಪ್ಪು ತರೋಕೆ ಹೋದ ಹಾಗಾಯಿತು."

"ನಗಬೇಡಿ. ನಮ್ಮ ಕೆ.ಕೆ. ಹೆಬ್ಬಾರರೂ ಇದೇ ಊರಿಗೆ ಬಂದು, ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು, ಆಯಿಲ್ ಪೇಂಟಿಂಗ್ ಮಾಡಿದವರೇ."

"ಮಾಡಿದರು. ಆದರೆ ಕಟ್ಟಿಂಗೇರಿಯ ಆ ಮನುಷ್ಯ ಬರೀ ಗೆರೆಯಲ್ಲೇ ನರ್ತಕಿಯನ್ನು ಕುಣಿಸಿಬಿಡುತ್ತಿದ್ದರು. ಗೆರೆಗೆ ಲಗೇಜ್ ಚಾರ್ಜ್ ಇಲ್ಲ."

ಪಟ್ಟಿಯ ಕೊನೆ ಬಂತು. "ನೀರು ತುಂಬಿದ ಡಬ್ಬ, ಮುಚ್ಚಳ ಸಹಿತ. ಇದು ಕುಡಿಯೋಕಾ?"

"ಒರೆಸಿದ ಬಟ್ಟೆ ಹಾಕೋಕೆ. ಅಗಸೆ ಎಣ್ಣೆ ಮೆತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಟ್ಟರೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಉಳಿದದ್ದೆಲ್ಲ ಕೊಂಡಾಯಿತು. ಆ ಬಟ್ಟೆಯೇ ಇನ್ನೂ ಸಿಕ್ಕಿಲ್ಲ. ಹಳೆಯ ಹತ್ತಿಯದಾಗಬೇಕು. ಮೆತ್ತಗಿದ್ದಷ್ಟೂ ಒಳ್ಳೆಯದು."

ರಾಜೀವಕ್ಕ ಕಾಫಿ ಲೋಟ ತಿರುಗಿಸುತ್ತಾ ಕೂತರು. ಆಮೇಲೆ, "ಅವರ ಪಂಚೆ ನಾಲ್ಕಿವೆ," ಎಂದರು. "ಒಗೆದೂ ಒಗೆದೂ ಬೆಣ್ಣೆಯ ಹಾಗೆ ಆಗಿವೆ. ಮೂರು ವರ್ಷದಿಂದ ಹಾಗೇ ಮಡಿಸಿಟ್ಟಿದ್ದೇನೆ. ಯಾರಿಗೆ ಕೊಡೋದು? ಬೇಕಾದರೆ ನೀನೇ..."

ಶಂಕರ ಪಟ್ಟಿಯನ್ನೇ ನೋಡುತ್ತಿದ್ದ. ಮಾಣಿ ಬಂದು ಬಿಲ್ಲಿಟ್ಟು ಹೋದ.

"ಅದೆಲ್ಲ ಬೇಡ ರಾಜೀವಕ್ಕ," ಎಂದರು ವಾಸಣ್ಣ. "ನನ್ನ ಬನಿಯನ್ ಇದೆ. ಅದು ತಾನಾಗಿಯೇ ಹರಿದಿದೆ."